ಬಾಗಿಲೊಳಗೆ ಹೇಳಿದ ಮಾತು

ಫಲಿತಾಂಶ ಬಂದ ವಾರ ನಾನು ಪಾಸಾದವರಿಗೆ ಫೋನ್ ಮಾಡುತ್ತಿರಲಿಲ್ಲ. ಅವರೇ ಮಾಡುತ್ತಿದ್ದರು. ಫೇಲಾದವರು ಮಾಡುತ್ತಿರಲಿಲ್ಲ, ನಾನು ಮಾಡಿದರೆ ಎತ್ತುತ್ತಲೂ ಇರಲಿಲ್ಲ.

ಕುವೆಂಪುನಗರದ ಒಂದು ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ನಮ್ಮ ಟ್ರಸ್ಟಿನ ಕಚೇರಿ ಇತ್ತು. ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿಗೆ ಬಂದ ಮಕ್ಕಳಿಗೆ ಪದವಿ ಮುಗಿಯುವವರೆಗೆ ವಿದ್ಯಾರ್ಥಿವೇತನ ಕೊಡುವ ಟ್ರಸ್ಟ್ ಅದು. ಕಾಲೇಜಿನ ಫೀಸು, ಪರೀಕ್ಷಾ ಶುಲ್ಕ, ಬಸ್ ಪಾಸು, ಮಧ್ಯಾಹ್ನದ ಊಟ, ಇಷ್ಟನ್ನು ಟ್ರಸ್ಟ್ ನೋಡಿಕೊಳ್ಳುತ್ತಿತ್ತು. ಆ ಮಕ್ಕಳು ನಡುವೆ ಎಲ್ಲೂ ಕಳೆದುಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಕಳೆದುಹೋಗುವ ಸಮಯ ಯಾವುದೆಂದು ನನಗೆ ಗೊತ್ತಿತ್ತು. ಫೇಲಾದ ಮೇಲಿನ ಒಂದೆರಡು ವಾರ. ಓದಿದವರ ಮನೆಯಲ್ಲಾದರೆ ಫೇಲಾದವರನ್ನು ಬೈಯುತ್ತಾರೆ, ಆಮೇಲೆ ಮರುಪರೀಕ್ಷೆಗೆ ಕಟ್ಟಿಸುತ್ತಾರೆ. ಈ ಮನೆಗಳಲ್ಲಿ ಬೈಯುವುದೂ ಇಲ್ಲ. ಕಾಲೇಜು ಮುಗಿಯಿತು ಎಂದುಕೊಳ್ಳುತ್ತಾರೆ, ಅಷ್ಟೇ. ಮಾರನೇ ವಾರ ಮಗಳು ಯಾವುದೋ ಅಂಗಡಿಯ ಕೌಂಟರಿನಲ್ಲೋ ಕಾರ್ಖಾನೆಯಲ್ಲೋ ನಿಂತಿರುತ್ತಾಳೆ. ಆ ಸಂಬಳ ಒಮ್ಮೆ ಮನೆಗೆ ಬಂದುಬಿಟ್ಟರೆ ಅವಳನ್ನು ಮತ್ತೆ ತರಗತಿಗೆ ತರುವುದು ಬಹಳ ಕಷ್ಟ.

ಆ ವರ್ಷ ಐದನೇ ಸೆಮಿಸ್ಟರಿನ ಫಲಿತಾಂಶದಲ್ಲಿ ಬಿ.ಕಾಂ.ನ ಒಬ್ಬ ಹುಡುಗಿ ಮೂರು ವಿಷಯಗಳಿಗೆ ಗೈರುಹಾಜರಿ ಎಂದಿತ್ತು. ಹಿಂದಿನ ನಾಲ್ಕೂ ಸೆಮಿಸ್ಟರುಗಳಲ್ಲಿ ಚೆನ್ನಾಗಿ ಅಂಕ ತೆಗೆದವಳು. ಟ್ರಸ್ಟಿನ ನಿಯಮದ ಪ್ರಕಾರ ಎರಡಕ್ಕಿಂತ ಹೆಚ್ಚು ವಿಷಯ ಉಳಿದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ. ಅವಳ ಫೋನ್ ಸ್ವಿಚ್ ಆಫ್ ಆಗಿತ್ತು. ತಾಯಿಯ ನಂಬರಿಗೆ ಮಾಡಿದೆ. ಆಕೆ ಕಡಕೊಳದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವರು. ಹಿಂದೆ ಯಂತ್ರಗಳ ಸದ್ದು ಕೇಳಿಸುತ್ತಿತ್ತು.

"ಪಾಸಾಗ್ನಿಲ್ವಲ್ಲ ಕಣವ್ವ," ಎಂದರು. "ಇನ್ನೇನ್ ಮಾಡಾದು. ನಮ್ ಸೂಪರ್‌ವೈಸರ್‌ಗೆ ಹೇಳಿವ್ನಿ. ಒಂದನೇ ತಾರೀಕಿಂದ ಅವ್ಳೂ ಇಲ್ಲೇ ಬತ್ತಾಳೆ."

"ನಾನು ಬರೋವರೆಗೆ ಕಳಿಸ್ಬೇಡಿ ಅಮ್ಮ," ಎಂದೆ.

ಮನೆ ಭೇಟಿಗೆ ನನ್ನದೇ ಒಂದು ರೀತಿ ಇತ್ತು. ನಡುಮನೆಯ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಅಲ್ಲಿ ಕೂತರೆ ನಾನು ಆಫೀಸಿನವಳಾಗುತ್ತೇನೆ, ಅವರು ಉತ್ತರ ಹೇಳುವವರಾಗುತ್ತಾರೆ. ಅಡುಗೆಮನೆಯ ಹೊಸ್ತಿಲ ಹತ್ತಿರ ಕೂರುತ್ತಿದ್ದೆ. ಪೆನ್ನು ಚೀಲದಿಂದ ಹೊರಗೆ ಬರುತ್ತಿರಲಿಲ್ಲ. ಕೊಟ್ಟದ್ದನ್ನು ಕುಡಿಯುತ್ತಿದ್ದೆ, ಸಕ್ಕರೆ ಎಷ್ಟಿದ್ದರೂ. ಕೇಳಬೇಕಾದ ಮುಖ್ಯ ಪ್ರಶ್ನೆಯನ್ನು ಕೇಳುತ್ತಲೇ ಇರಲಿಲ್ಲ. ಹೇಳುವವರು ಗಾಡಿಯವರೆಗೆ ಬಿಡಲು ಬಂದಾಗ ತಾವಾಗಿ ಹೇಳುತ್ತಾರೆ. ಇದನ್ನು ಯಾರೂ ಕಲಿಸಿರಲಿಲ್ಲ. ನನ್ನ ಮನೆಗೆ ಹಿಂದೆ ಹೀಗೆ ಬಂದವರು ಹೇಗೆ ಕೂತಿದ್ದರೆ ನನಗೆ ಚೆನ್ನಾಗಿರುತ್ತಿತ್ತು ಎಂದು ಯೋಚಿಸಿ ನಾನೇ ಮಾಡಿಕೊಂಡದ್ದು.

ಕಡಕೊಳದಲ್ಲಿ ಅವರದು ಸಾಲುಮನೆಗಳ ಕೊನೆಯ ಮನೆ. ತಾಯಿ ಮುದ್ದೆಗೆ ಎಸರಿಟ್ಟಿದ್ದರು. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು.

"ಅಮ್ಮ, ನೀವು ಪ್ಯಾಕ್ ಮಾಡಿದ ಪೆಟ್ಟಿಗೇಲಿ ಒಂದು ರಿಜೆಕ್ಟ್ ಆದ್ರೆ ಇಡೀ ಲಾಟ್ ಎಸೀತಾರಾ?" ಎಂದು ಕೇಳಿದೆ.

"ಅಯ್ಯೋ, ಅದ್ಯಾಕೆ ಎಸೆದಾರು. ಆ ಪೆಟ್ಟಿಗೆ ಬಿಚ್ಚಿ ಮತ್ತೆ ಕಟ್ಬೇಕು. ಬೈತಾರೆ, ಅಷ್ಟೇಯ."

"ಇದೂ ಅಂಥದ್ದೇ. ಮೂರು ಪೆಟ್ಟಿಗೆ ಮತ್ತೆ ಕಟ್ಬೇಕು. ಉಳಿದದ್ದೆಲ್ಲ ಲಾರಿಗೆ ಹೋಗಾಗಿದೆ."

ತಾಯಿ ಕೋಲು ಹಿಡಿದ ಕೈ ನಿಲ್ಲಿಸಿ ಮಗಳ ಕಡೆ ತಿರುಗಿದರು. "ಮತ್ತೆ ನೀನು ಮುಗೀತು ಅಂದ್ಯಲ್ಲೇ?"

"ನಾನೆಲ್ಲಿ ಅಂದೆ. ನೀನೇ ಅಂದೆ," ಎಂದಳು ಹುಡುಗಿ. ಅದು ಅವಳ ಮೊದಲ ಮಾತು.

ಗಾಡಿಯವರೆಗೆ ಬಂದಳು. ಪರೀಕ್ಷೆಗೆ ಯಾಕೆ ಹೋಗಲಾಗಲಿಲ್ಲ ಎಂಬುದನ್ನು ಅಲ್ಲಿ ಹೇಳಿದಳು. ಅದು ಅವರ ಮನೆಯ ಒಳಗಿನ ವಿಷಯ. ಕೇಳಿದ ಯಾರೂ ಅವಳದು ತಪ್ಪು ಎನ್ನಲಾರರು, ಆದರೆ ಕೇಳಿದ ಮೇಲೆ ಅವಳನ್ನು ಮೊದಲಿನಂತೆ ನೋಡಲಾರರು. ಅಷ್ಟು ಹೇಳಿದರೆ ಸಾಕು. ಅದೇನೆಂದು ನಾನಿಲ್ಲಿ ಬರೆಯುವುದಿಲ್ಲ. ಯಾಕೆ ಬರೆಯುವುದಿಲ್ಲ ಎಂಬುದು ಮುಂದೆ ಓದಿದರೆ ಗೊತ್ತಾಗುತ್ತದೆ.

ಹೇಳಿ ಮುಗಿಸಿ ಕೇಳಿದಳು, "ಅಕ್ಕ, ಇದು ಆಫೀಸಿಗೆ ಹೋಗುತ್ತಾ?"

ನಾನು ಯೋಚಿಸಿ ಉತ್ತರ ಕೊಟ್ಟೆ. ನಿಯಮ ಸಡಿಲಿಸಬೇಕಾದರೆ ಕಾರಣ ಬೇಕು. ಸಡಿಲಿಸುವ ಅಧಿಕಾರ ಇರುವುದು ನಿರ್ದೇಶಕರಿಗೆ ಮಾತ್ರ. "ಸರ್ ಒಬ್ಬರಿಗೇ ಹೇಳ್ತೀನಿ. ಬಾಯಲ್ಲಿ ಹೇಳ್ತೀನಿ, ಎಲ್ಲೂ ಬರೆಯಲ್ಲ. ನೀನು ಬೇಡ ಅಂದ್ರೆ ಅದೂ ಇಲ್ಲ."

"ಸರ್ ಹೆಂಗೆ?"

"ನನ್ನ ವಿಷಯ ಅವರಿಗೆ ಎಲ್ಲ ಗೊತ್ತು. ಇಷ್ಟು ವರ್ಷ ಆಯ್ತು, ಒಬ್ಬರ ಬಾಯಲ್ಲೂ ನಾನು ಅದನ್ನ ಕೇಳಿಲ್ಲ."

ಅವಳು ಸ್ವಲ್ಪ ಹೊತ್ತು ನನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆದು ಬಿಟ್ಟು ಮಾಡಿದಳು. "ಸರಿ ಹಂಗಾದ್ರೆ," ಎಂದಳು.

ನಾನು ಹೇಳಿದ್ದು ನಿಜವಾಗಿತ್ತು. ಕೇಳಿರಲಿಲ್ಲ.

ನಿರ್ದೇಶಕರು ನಿವೃತ್ತ ಪ್ರಾಧ್ಯಾಪಕರು. ನಾನು ಪದವಿ ಓದಿದ್ದು ಇದೇ ಟ್ರಸ್ಟಿನ ನೆರವಿನಿಂದ. ಕೊನೆಯ ವರ್ಷಕ್ಕೆ ಕಾಲಿಡುವ ಮೊದಲು ಒಂದು ದಿನ ಓದು ಬಿಡುತ್ತೇನೆ ಎಂದು ಹೇಳಲು ಅವರ ಕೋಣೆಗೆ ಹೋಗಿದ್ದೆ. ಅವರು ಎದ್ದು ಬಾಗಿಲು ಹಾಕಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮುಗಿಯುವವರೆಗೆ ಕೇಳಿದ್ದರು. ಆಮೇಲೆ "ಇದು ಈ ಬಾಗಿಲೊಳಗೇ ಇರುತ್ತೆ ಕಣಮ್ಮ" ಎಂದಿದ್ದರು. ನಾನು ಓದು ಬಿಡಲಿಲ್ಲ. ಆ ವಿಷಯವನ್ನು ನಾನು ಬೇರೆ ಯಾರಿಗೂ ಹೇಳಿಲ್ಲ. ಹಾಸ್ಟೆಲ್ಲಿನ ಕೋಣೆಯ ಗೆಳತಿಗೂ ಹೇಳಿರಲಿಲ್ಲ. ಸ್ನಾತಕೋತ್ತರ ಮುಗಿಸಿ ಅವರ ಕಚೇರಿಗೇ ಕೆಲಸಕ್ಕೆ ಸೇರಲು ಆ ಒಂದು ಮಧ್ಯಾಹ್ನವೇ ಕಾರಣ.

ಹುಡುಗಿಯ ವಿಷಯ ಹೇಳಲು ಹೋದಾಗಲೂ ಅವರು ಹಾಗೇ ಬಾಗಿಲು ಹಾಕಿದರು. ಕನ್ನಡಕ ತೆಗೆದರು. ಕೇಳಿ ಮುಗಿದ ಮೇಲೆ ಕಣ್ಣೊತ್ತಿಕೊಂಡರು.

"ಇಂಥ ಮಕ್ಕಳಿಗಲ್ಲದೆ ಇನ್ಯಾರಿಗೆ ಮಾಡ್ಬೇಕಮ್ಮ ನಾವು. ಮುಂದುವರ್ಸು. ನಿಯಮ ನಾನು ನೋಡ್ಕೋತೀನಿ."

"ಇದು ಇಲ್ಲೇ ಇರ್ಬೇಕು ಸರ್. ಮಾತು ಕೊಟ್ಟು ಬಂದಿದೀನಿ."

"ಹೇಳ್ಬೇಕೇನಮ್ಮ? ಈ ಬಾಗಿಲೊಳಗೇ."

ಆಮೇಲಿನದು ನನಗೆ ಇಷ್ಟವಾದ ಕೆಲಸ. ಮೊದಲು ಕಾಲೇಜಿಗೆ ಹೋಗಿ ಹಾಜರಾತಿ ಎಷ್ಟು ಕಡಿಮೆ ಇದೆ ಎಂದು ನೋಡಿದೆ. ಆರನೇ ಸೆಮಿಸ್ಟರಿನಲ್ಲಿ ಎರಡು ವಾರಕ್ಕಿಂತ ಹೆಚ್ಚು ತಪ್ಪಿಸುವಂತಿರಲಿಲ್ಲ. ಇಂಟರ್ನಲ್ಸ್ ಅಂಕ ಹಾಗೇ ಉಳಿಯುತ್ತದೆಯೇ ಎಂದು ವಿಚಾರಿಸಿದೆ. ಉಳಿಯುತ್ತದೆ ಎಂದರು. ಉಳಿದ ಮೂರು ಪತ್ರಿಕೆಗಳನ್ನು ಆರನೇ ಸೆಮಿಸ್ಟರಿನ ಪರೀಕ್ಷೆಯ ಜೊತೆಗೇ ಬರೆಯಬಹುದಿತ್ತು. ಎಲ್ಲ ಸೇರಿದರೆ ದೊಡ್ಡ ಹೊರೆ, ಆದರೆ ಹೊರಲಾಗದ್ದಲ್ಲ. ಭಾನುವಾರಗಳಂದು ಕಚೇರಿಯಲ್ಲಿ ಕೂರಿಸಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಸಿದೆ. ಅವಳ ಫೋನ್ ನನ್ನ ಮೇಜಿನ ಡ್ರಾಯರಿನಲ್ಲಿರುತ್ತಿತ್ತು. ಕಾಸ್ಟ್ ಅಕೌಂಟಿಂಗ್ ಅವಳಿಗೆ ನೀರು ಕುಡಿದಷ್ಟು ಸುಲಭ. ಥಿಯರಿ ಎಂದರೆ ಬೇಸರ. ಎರಡು ಸಾಲು ಬರೆದು ಪೆನ್ನಿನ ಕ್ಯಾಪು ಕಚ್ಚುತ್ತ ಕೂತಿರುತ್ತಿದ್ದಳು.

"ಐದು ಅಂಕದ ಪ್ರಶ್ನೆಗೆ ಎರಡು ಸಾಲು ಬರೆದ್ರೆ ಎಷ್ಟು ಕೊಡ್ತಾರೆ?" ಎನ್ನುತ್ತಿದ್ದೆ.

"ನೀವು ದಿನಕ್ಕೆ ಆಡೋದೇ ಎರಡು ಸಾಲು. ನಿಮಗೆ ಎಂ.ಎ.ನಲ್ಲಿ ಹೆಂಗೆ ಮಾರ್ಕ್ಸ್ ಕೊಟ್ರು ಅಕ್ಕ?"

ಕೆಲವು ಭಾನುವಾರ ಅವಳನ್ನು ಗಾಡಿಯಲ್ಲಿ ಬಸ್ ಸ್ಟ್ಯಾಂಡಿಗೆ ಬಿಡುತ್ತಿದ್ದೆ. ನಾನು ನಿಧಾನವಾಗಿ ಓಡಿಸುತ್ತೇನೆ. "ಅಕ್ಕ, ಆ ಸೊಪ್ಪಿನ ಸೈಕಲ್‌ನೋರು ಹಿಂದ್ಗಡೆಯಿಂದ ಬೆಲ್ ಮಾಡ್ತಾ ಅವ್ರೆ. ದಾರಿ ಬುಡಿ," ಎನ್ನುತ್ತಿದ್ದಳು. ಅವಳ ತಾಯಿ ಒಮ್ಮೆ ನನಗೆಂದು ಹುರುಳಿಕಾಳು ಕಳಿಸಿದ್ದರು. ಟ್ರಸ್ಟಿನವರು ಏನನ್ನೂ ತೆಗೆದುಕೊಳ್ಳಬಾರದು. ತೆಗೆದುಕೊಂಡೆ.

ಬೇಸಿಗೆಯ ಶುರುವಿನಲ್ಲಿ ದಾನಿಗಳ ಸಂಜೆ ಇತ್ತು. ಪ್ರತಿ ವರ್ಷ ನಡೆಯುವ ಕಾರ್ಯಕ್ರಮ. ಮುಂದಿನ ಸಾಲುಗಳಲ್ಲಿ ವಿದ್ಯಾರ್ಥಿಗಳು, ಅವರ ಹಿಂದೆ ದಾನಿಗಳು, ಕೊನೆಗೆ ಮನೆಯವರು. ಪ್ರತಿಯೊಬ್ಬ ವಿದ್ಯಾರ್ಥಿಯ ಪರಿಚಯ ಹೇಳಿ ವೇದಿಕೆಗೆ ಕರೆಯುತ್ತಾರೆ. ಆ ವಿದ್ಯಾರ್ಥಿಯ ಓದಿನ ಖರ್ಚು ಹೊತ್ತ ದಾನಿ ಎದ್ದು ಬಂದು ಫೈಲೊಂದನ್ನು ಕೈಗೆ ಕೊಡುತ್ತಾರೆ, ಫೋಟೋ ತೆಗೆಯುತ್ತಾರೆ. ನಾನು ಓದುವಾಗ ಮೊದಲೆರಡು ವರ್ಷ ಹಾಗೆ ನಿಂತಿದ್ದೆ. ಕೊನೆಯ ವರ್ಷ ಅದೇ ದಿನ ನನಗೆ ಪರೀಕ್ಷೆ ಇತ್ತು.

ಪರಿಚಯಗಳನ್ನು ಬರೆದುಕೊಟ್ಟವಳು ನಾನೇ. ಹೆಸರು, ಊರು, ಕಾಲೇಜು, ಇಷ್ಟದ ವಿಷಯ. ಎಲ್ಲರಿಗೂ ಒಂದೇ ಅಳತೆ. ಮೊದಲ ಕೆಲವರನ್ನು ನಿರ್ದೇಶಕರು ಹಾಗೇ ಓದಿದರು. ಸಭೆಯಲ್ಲಿ ಆಚೀಚೆ ಮಾತು ಕೇಳಿಸತೊಡಗಿತ್ತು. ಹಿಂದಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು. ಅವರು ಹಾಳೆಯನ್ನು ಪಕ್ಕಕ್ಕಿಟ್ಟು ಕನ್ನಡಕ ತೆಗೆದರು.

ಕನ್ನಡಕ ತೆಗೆದಾಗಲೇ ನನಗೆ ಗೊತ್ತಾಯಿತು.

"ಒಂದು ಹೆಣ್ಣುಮಗು," ಎಂದು ಶುರು ಮಾಡಿದರು. "ಹೆಸರು ಹೇಳೋದಿಲ್ಲ."

ಚೆನ್ನಾಗಿ ಹೇಳಿದರು. ಅವರು ಒಳ್ಳೆಯ ಮೇಷ್ಟ್ರು, ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತು. ಗಾಡಿಯ ಹತ್ತಿರ ಹುಡುಗಿ ನನಗೆ ಹೇಳಿದ ಮಾತುಗಳು ಒಂದೊಂದಾಗಿ ಮೈಕಿನಲ್ಲಿ ಬಂದವು, ಕೆಲವು ನನ್ನದೇ ಪದಗಳಲ್ಲಿ. ಕರ್ಚೀಫುಗಳು ಹೊರಬಂದವು. ಮುಗಿಸಿ, ಕನ್ನಡಕ ಹಾಕಿಕೊಂಡು, ಹಾಳೆ ಎತ್ತಿ, ಮುಂದಿನ ಹೆಸರು ಓದಿದರು. ಅದು ಅವಳದೇ ಹೆಸರು. ಪಕ್ಕದಲ್ಲಿ ಕಡಕೊಳ ಎಂದೂ ಇತ್ತು. ಅದನ್ನೂ ಓದಿದರು.

ಅವಳು ಎದ್ದು ಹೋದಳು. ನಮಸ್ಕಾರ ಮಾಡಿದಳು. ಫೈಲು ತೆಗೆದುಕೊಂಡಳು. ಫೋಟೋಗೆ ನಿಂತಳು. ಅವಳಿಗೆ ಫೈಲು ಕೊಟ್ಟ ದಾನಿ ಬನ್ನಿಮಂಟಪದ ಕಡೆಯ ಒಬ್ಬ ಕ್ರೈಸ್ತ ಮಹಿಳೆ, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಆಕೆ ಅವಳ ಕೆನ್ನೆ ಸವರಿದರು. ಹುಡುಗಿ ಕೆಳಗಿಳಿದು ತನ್ನ ಕುರ್ಚಿಗೆ ಹೋಗದೆ, ಸಾಲುಗಳ ನಡುವೆ ನೇರ ನಡೆದು ಹಿಂದಿನ ಬಾಗಿಲ ಹತ್ತಿರ ಕೂತಿದ್ದ ತಾಯಿಯ ಬಳಿ ಹೋದಳು. ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ಅವಳ ತರಗತಿಯ ಇಬ್ಬರು ಮುಂದಿನ ಸಾಲಿನಲ್ಲಿ ಕೂತಿದ್ದರು, ಅವರೂ ತಿರುಗಿದರು.

ನಾನು ಹೊರಗೆ ಓಡಿದೆ. ಚಪ್ಪಲಿ ಬಿಟ್ಟ ಜಾಗದಲ್ಲಿ ಸಿಕ್ಕರು. ಹುಡುಗಿ ನನ್ನನ್ನು ನೋಡಲಿಲ್ಲ. ತಾಯಿ ಆ ದಿನದ ಪಾಳಿಗೆ ರಜೆ ಹಾಕಿ, ಮಗಳ ಫೋಟೋ ತೆಗೆಯುತ್ತಾರೆಂದು ಮದುವೆಯ ಸೀರೆ ಉಟ್ಟು ಬಂದಿದ್ದರು. ಬೈಯಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಇನ್ನೂ ಯಾರ್ಯಾರ್ಗೆ ಹೇಳಿದ್ದೀರಿ ಕಣವ್ವ?" ಎಂದು ಕೇಳಿದರು.

"ಸರ್ ಒಬ್ಬರಿಗೇ," ಎಂದೆ. ಒಳಗೆ ಚಪ್ಪಾಳೆ ಬೀಳುತ್ತಿತ್ತು. ಅವರು ತಲೆಯಾಡಿಸಿ ಮಗಳ ಕೈ ಹಿಡಿದು ಹೋದರು.

ನಾನು ಗೋಡೆಗೆ ಒರಗಿ ನಿಂತಿದ್ದೆ. ಬನ್ನಿಮಂಟಪದ ಆ ಮಹಿಳೆ ಕಣ್ಣೊರೆಸಿಕೊಳ್ಳುತ್ತ ಹೊರಬಂದರು. ನನ್ನ ತೋಳು ಹಿಡಿದು, ಪ್ರೀತಿಯಿಂದಲೇ ಹೇಳಿದರು:

"ನಿಮ್ಮದನ್ನ ಹೇಳಿದಾಗಲೂ ಹಿಂಗೇ ಆಗಿತ್ತು ಕಣಮ್ಮ. ಆ ವರ್ಷ ನೀವು ಬಂದಿರಲಿಲ್ಲ, ಪರೀಕ್ಷೆ ಅಂದ್ರು. ಒಬ್ಬರ ಕಣ್ಣೂ ಒಣಗಿರಲಿಲ್ಲ. ನಿಮ್ಮ ಓದಿನ ಖರ್ಚು ಹೊರೋಕೆ ನಾನು ಅವತ್ತೇ ಒಪ್ಪಿಕೊಂಡೆ."

ಊಟಕ್ಕೆ ಎಲೆ ಹಾಕಿಸುವುದು ನನ್ನ ಜವಾಬ್ದಾರಿಯಾಗಿತ್ತು. ಹಾಕಿಸಿದೆ. ದಾನಿಗಳೆಲ್ಲ ನನಗೆ ಎಷ್ಟೋ ವರ್ಷಗಳಿಂದ ಪರಿಚಿತರು. ಅವರು ನನ್ನೊಂದಿಗೆ ಯಾವಾಗಲೂ ಸ್ವಲ್ಪ ಮೆಲ್ಲಗೆ ಮಾತಾಡುತ್ತಿದ್ದರು. ನಾನು ಸಂಕೋಚದವಳೆಂದು ಹಾಗೆ ಮಾತಾಡುತ್ತಾರೆ ಎಂದುಕೊಂಡಿದ್ದೆ. ಅವತ್ತು ಒಬ್ಬೊಬ್ಬರಿಗೂ ಬಡಿಸುವಾಗ ಮುಖ ನೋಡಿದೆ. ಇವರಿಗೆ ಗೊತ್ತು. ಇವರಿಗೂ ಗೊತ್ತು.

ಮರುದಿನ ನಾನೇ ನಿರ್ದೇಶಕರ ಕೋಣೆಗೆ ಹೋಗಿ ಬಾಗಿಲು ತೆರೆದೇ ಬಿಟ್ಟೆ. ಅವರು ಖುಷಿಯಲ್ಲಿದ್ದರು. ಆ ಸಂಜೆ ಹೊಸ ದಾನಿಗಳು ಮುಂದೆ ಬಂದಿದ್ದರು.

"ಹೆಸರು ಹೇಳಿದ್ನೇನಮ್ಮ ನಾನು?" ಎಂದರು.

"ಹೇಳಿ ಮುಗಿಸಿ ಅವಳನ್ನೇ ಕರೆದ್ರಿ ಸರ್."

"ಪಟ್ಟೀಲಿ ಮುಂದಿನದು ಅವಳದೇ ಇತ್ತು. ನೀನೇ ಮಾಡಿದ ಪಟ್ಟಿ." ಆಮೇಲೆ ಅವರಿಗೇ ಅದು ಸರಿಯೆನಿಸಲಿಲ್ಲವೋ ಏನೋ, ದನಿ ತಗ್ಗಿಸಿದರು. "ಅವಮಾನ ಮಾಡೋಕೆ ಹೇಳಿದ್ನಾ? ಜನ ಅತ್ರು ಕಣಮ್ಮ. ಮನಸ್ಸು ಕರಗದೆ ಯಾರು ಕೊಡ್ತಾರೆ? ಊರು, ಕಾಲೇಜು, ಇಷ್ಟದ ವಿಷಯ, ಇಷ್ಟು ಕೇಳಿ ಯಾರು ಮುಂದೆ ಬರ್ತಾರೆ?"

"ನನ್ನದೂ ಹೇಳಿದ್ರಾ ಸರ್?"

ಅವರು ಕನ್ನಡಕಕ್ಕೆ ಕೈ ಹಾಕಿದರು. ತೆಗೆಯಲಿಲ್ಲ.

"ಆ ವರ್ಷ ನಿನ್ನ ದಾನಿ ನಡುವೆ ಹಿಂದೆ ಸರಿದಿದ್ರು. ನಿನಗೆ ತಿಳಿಸ್ಲಿಲ್ಲ. ನಿನ್ನ ಕೊನೇ ಸೆಮಿಸ್ಟರಿನ ದುಡ್ಡು ಎಲ್ಲಿಂದ ಬಂತು ಅಂದ್ಕೊಂಡಿದ್ದೆ? ನೀನಿವತ್ತು ಈ ಕೋಣೇಲಿ ನಿಂತು ನನ್ನನ್ನ ಪ್ರಶ್ನೆ ಕೇಳ್ತಿದ್ದೀಯಲ್ಲ, ಅದು ಆ ಮಾತಿನಿಂದ."

ಅವರು ಹೇಳಿದ್ದು ನಿಜ. ವಿದ್ಯಾರ್ಥಿವೇತನ ಇಲ್ಲದಿದ್ದರೆ ನಾನು ಪದವಿ ಮುಗಿಸುತ್ತಿರಲಿಲ್ಲ. ಅದಕ್ಕಾಗಿ ನಿನ್ನ ವಿಷಯ ಹೇಳಲೇ ಎಂದು ಆಗಲೇ ಕೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ನನ್ನನ್ನು ಕೇಳಿರಲಿಲ್ಲ. ನಾನು ನಂಬಿ ಇಟ್ಟದ್ದನ್ನು ಅವರು ಒಳ್ಳೆಯ ಕೆಲಸಕ್ಕೇ ಬಳಸಿದರು. ಅದರ ಮೇಲೆ ಇಷ್ಟು ವರ್ಷ ನನ್ನ ಎದುರು ಕೂತು ಕಾಫಿ ಕುಡಿದರು. ಕಡಕೊಳದಲ್ಲಿ ಆ ಹುಡುಗಿಗೆ ನಾನು ಅವರ ಬಗ್ಗೆ ಕೊಟ್ಟ ಭರವಸೆಗೆ ಆಧಾರವೇ ಇದ್ದಿರಲಿಲ್ಲ.

ಹುಡುಗಿ ಭಾನುವಾರ ಬರಲಿಲ್ಲ. ಕಾಲೇಜಿಗೂ ಹೋಗುತ್ತಿಲ್ಲ ಎಂದು ತಿಳಿಯಿತು. "ನಂಗೆ ಬೇಡ ಅಕ್ಕ" ಎಂಬ ಒಂದು ಮೆಸೇಜ್ ಬಂತು. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ವಾರ ಹತ್ತಿರ ಬಂದಿತ್ತು. ಟ್ರಸ್ಟ್ ಆ ಶುಲ್ಕ ಕಟ್ಟಬೇಕಾದರೆ ವಿದ್ಯಾರ್ಥಿ ಬಂದು ಸಹಿ ಹಾಕಬೇಕು. ಕಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ಇಲ್ಲದಿದ್ದರೆ ಮೂರು ವರ್ಷದ ಓದು ಒಂದು ಸೆಮಿಸ್ಟರಿನ ಅಂತರದಲ್ಲಿ ನಿಂತುಹೋಗುತ್ತದೆ.

ಮತ್ತೆ ಕಡಕೊಳಕ್ಕೆ ಹೋದೆ. ಈ ಸಲ ತಾಯಿ ಮನೆಗೆ ಕರೆಯಲಿಲ್ಲ. ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಹತ್ತಿರ ಬರಲು ಹೇಳಿದರು. ಮಗಳೂ ಜೊತೆಗಿದ್ದಳು, ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ. ಅವಳು ಸ್ವಲ್ಪ ದೂರದಲ್ಲೇ ನಿಂತಳು.

"ಮಾತ್ ಕಳೆಯಾದು ಬ್ಯಾಡ ಕಣವ್ವ," ಎಂದರು ತಾಯಿ. "ಆ ದುಡ್ಡು ಬ್ಯಾಡ ಅಂತಾಳೆ. ನಾನೂ ಬ್ಯಾಡ ಅಂತೀನಿ. ನಾವು ಬಡವ್ರೇ, ಇಲ್ಲ ಅಂದೋರ್ಯಾರು. ಅದ್ನ ಮೈಕ್ನಾಗೆ ಹೇಳ್ಬೇಕಾ?"

"ಪರೀಕ್ಷೆ?"

"ಬರೀಬೇಕು ಅಂತ ಆಸೆ ಅದೆ ಅವ್ಳಿಗೆ. ಪುಸ್ತಕ ಎತ್ತಿಟ್ಟಿಲ್ಲ. ಆದ್ರೆ ನಿಮ್ ಆಫೀಸ್ ಮೆಟ್ಲು ಹತ್ತಲ್ಲ."

ಹಿಂದಿರುಗುವ ದಾರಿಯಲ್ಲಿ ನಾನೇ ಶುಲ್ಕ ಕಟ್ಟಿಬಿಡಲೇ ಎಂದು ಯೋಚಿಸಿದೆ. ಕಷ್ಟವೇನೂ ಇರಲಿಲ್ಲ. ಆದರೆ ಅವಳ ವಿಷಯ ತಿಳಿದಿರುವವಳು ನಾನು, ದುಡ್ಡೂ ನನ್ನದೇ ಆದರೆ ಅವಳು ನನ್ನ ಮುಂದೆ ಇನ್ನೆಂದೂ ತಲೆಯೆತ್ತಿ ನಿಲ್ಲಲಾರಳು. ನನಗದು ಚೆನ್ನಾಗಿ ಗೊತ್ತಿತ್ತು.

ಟ್ರಸ್ಟಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಕಾರ್ಯಕ್ರಮಗಳ ಹೊರಗೆ ಸಿಬ್ಬಂದಿ ದಾನಿಗಳನ್ನು ನೇರವಾಗಿ ಭೇಟಿಯಾಗಬಾರದು. ಎಲ್ಲವೂ ನಿರ್ದೇಶಕರ ಮೂಲಕವೇ ಆಗಬೇಕು. ಅದನ್ನು ನಾನು ಒಮ್ಮೆಯೂ ಮುರಿದಿರಲಿಲ್ಲ. ಆ ಭಾನುವಾರ ಬನ್ನಿಮಂಟಪಕ್ಕೆ ಹೋದೆ.

ಆಕೆ ಆಗಷ್ಟೇ ಪೂಜೆ ಮುಗಿಸಿ ಚರ್ಚಿನಿಂದ ಬಂದಿದ್ದರು. ತಲೆಯ ಮೇಲಿನ ಸೆರಗು ಇನ್ನೂ ಇಳಿಸಿರಲಿಲ್ಲ. ಕೂರಿಸಿ ಕೇಕ್ ತಂದಿಟ್ಟರು. ನಾನು ಬಂದ ಕಾರಣ ಹೇಳಿದೆ. ಹುಡುಗಿಯ ಮನೆಯ ವಿಷಯ ಎತ್ತಲಿಲ್ಲ. ಪರೀಕ್ಷಾ ಶುಲ್ಕವನ್ನು ಅವರು ಟ್ರಸ್ಟಿಗೆ ಕೊಡದೆ ನೇರ ಕಾಲೇಜಿನಲ್ಲಿ ಕಟ್ಟಬೇಕು, ತಮ್ಮ ಹೆಸರು ಹೇಳಬಾರದು, ಅವಳನ್ನು ನೋಡಬೇಕೆಂದು ಕೇಳಬಾರದು. ಇಷ್ಟೇ ನನ್ನ ಬೇಡಿಕೆ.

"ದುಡ್ಡು ಕೊಡೋಳು ನಾನು, ಷರತ್ತು ಹಾಕೋರು ನೀವು," ಎಂದು ನಕ್ಕರು.

"ಹೌದು ಮೇಡಂ."

"ದಾನಿಗಳಿಗೆ ಕಷ್ಟದ ಕಥೆ ಬೇಕು ಅಂತ ನಿಮ್ಮ ಸರ್ ಹೇಳಿರ್ಬೇಕು."

"ಹೇಳಿದ್ರು. ಸುಳ್ಳಾ?"

ಆಕೆ ಕೇಕಿನ ತಟ್ಟೆಯನ್ನು ನನ್ನ ಕಡೆ ಇನ್ನಷ್ಟು ಸರಿಸಿದರು. "ಸುಳ್ಳಲ್ಲ ಕಣಮ್ಮ. ಚರ್ಚಿಂದ ಈಗಷ್ಟೇ ಬಂದಿದೀನಿ, ಸುಳ್ಳು ಹೇಳಲ್ಲ. ನಿಮ್ಮದನ್ನ ಕೇಳಿ ಅತ್ತೆ. ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡ್ದೆ. ಎಷ್ಟೋ ದಿನದ ಮೇಲೆ ಒಳ್ಳೆ ನಿದ್ದೆ ಬಂತು. ನಾನು ಒಳ್ಳೆಯವಳು ಅನ್ನಿಸ್ತು. ಅದಕ್ಕೇ ಪ್ರತಿ ವರ್ಷ ಬರ್ತೀನಿ." ಸೆರಗು ಇಳಿಸಿ ಮಡಿಚಿದರು. "ನಿಮಗೆ ಗೊತ್ತಿಲ್ದೆ ಹೇಳಿದ್ದು ಅಂತ ನಂಗೆ ಗೊತ್ತಿರಲಿಲ್ಲ. ಗೊತ್ತಿದ್ರೂ ಕೇಳ್ತಿದ್ನೋ ಏನೋ."

"ಈಗ ಅದನ್ನ ಮರೀತೀರಾ ಮೇಡಂ?"

"ಮರೆಯೋದು ನನ್ನ ಕೈಲಿಲ್ಲ. ಬಾಯಿ ಮುಚ್ಕೊಂಡಿರೋದು ಕೈಲಿದೆ. ನಾಳೆ ಕಾಲೇಜಿಗೆ ಹೋಗ್ತೀನಿ. ನಂಗೆ ಒಂದೇ ಮಾತು ತಿಳಿಸಿ, ಪಾಸಾದಳಾ ಇಲ್ವಾ ಅಂತ. ಅದೂ ಕೇಳ್ಬಾರ್ದಾ?"

"ಅದನ್ನ ಕೇಳ್ಬಹುದು," ಎಂದೆ.

ಶುಲ್ಕ ಕಟ್ಟಿದ ಮೇಲೆ ಹುಡುಗಿಗೆ ಫೋನ್ ಮಾಡಿದೆ. ಎತ್ತಿದಳು. ಟ್ರಸ್ಟಿನ ದುಡ್ಡಲ್ಲ, ನನ್ನದೂ ಅಲ್ಲ, ಯಾರೂ ಬರುವುದಿಲ್ಲ, ಯಾರಿಗೂ ಏನೂ ಹೇಳಬೇಕಾಗಿಲ್ಲ, ಹಾಲ್ ಟಿಕೆಟ್ ಕಾಲೇಜಿನ ಕಚೇರಿಯಲ್ಲಿ ಸಿಗುತ್ತದೆ ಎಂದು ಹೇಳಿದೆ.

"ಕೊಟ್ಟೋರಿಗೆ ಗೊತ್ತಾ?" ಎಂದಳು.

ಗೊತ್ತಿಲ್ಲ ಎಂದು ಹೇಳಬಹುದಿತ್ತು. "ಗೊತ್ತು," ಎಂದೆ. "ಅವತ್ತು ಅಲ್ಲಿದ್ದೋರು. ಮತ್ತೆ ಆ ಮಾತು ಆಡಲ್ಲ ಅಂದಿದ್ದಾರೆ. ಈ ಸಲ ನಾನು ಯಾರ ಪರವಾಗಿಯೂ ಭರವಸೆ ಕೊಡಲ್ಲ. ಅವರು ಹೇಳಿದ್ದನ್ನ ನಿಂಗೆ ಹೇಳ್ತಿದೀನಿ, ಅಷ್ಟೇ."

"ನಾನು ಬರೀತೀನಿ," ಎಂದಳು. "ಆದ್ರೆ ಅಕ್ಕ, ಇನ್ಮೇಲೆ ನೀವೂ ಫೋನ್ ಮಾಡ್ಬೇಡಿ. ನಿಮ್ಮ ದನಿ ಕೇಳಿದ್ರೆ ಆ ಸಂಜೇನೇ ನೆನಪಾಗುತ್ತೆ."

"ಸರಿ," ಎಂದೆ. ಅವಳು ಥಿಯರಿ ಪತ್ರಿಕೆಯಲ್ಲಿ ಎರಡು ಸಾಲು ಬರೆದು ಎದ್ದುಬರಬಾರದು ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ.

ಉಳಿದ ವಿದ್ಯಾರ್ಥಿಗಳ ಪರೀಕ್ಷೆ ಮುಗಿಯುವವರೆಗೆ ಟ್ರಸ್ಟಿನಲ್ಲಿದ್ದೆ. ಮನೆ ಭೇಟಿಗಳಿಗೆ ಹೋದೆ. ಬಂದು "ಮುಂದುವರಿಸಬೇಕು" ಎಂದು ಮಾತ್ರ ಹೇಳುತ್ತಿದ್ದೆ. ನಿರ್ದೇಶಕರು ಕಾರಣ ಕೇಳುತ್ತಿದ್ದರು. "ಕಾರಣ ಇದೆ ಸರ್" ಎನ್ನುತ್ತಿದ್ದೆ. ಕಾರಣ ಗೊತ್ತಿಲ್ಲದೆ ಒಂದು ಸಲ ನಿಯಮ ಸಡಿಲಿಸಿದರು, ಎರಡನೇ ಸಲ, ಒಬ್ಬ ಹುಡುಗನ ವಿಷಯದಲ್ಲಿ, ಸಡಿಲಿಸಲಿಲ್ಲ. ಆ ಹುಡುಗನ ವಿದ್ಯಾರ್ಥಿವೇತನ ನಿಂತಿತು. ನನ್ನ ಮೌನಕ್ಕೂ ಬೆಲೆ ತೆರುವವರು ಮಕ್ಕಳೇ ಎಂದು ಅವತ್ತು ತಿಳಿಯಿತು. ಅದನ್ನು ತಿಳಿದುಕೊಂಡು ಅಲ್ಲಿ ಮುಂದುವರಿಯುವುದು ನನ್ನಿಂದಾಗಲಿಲ್ಲ. ಬಿಟ್ಟೆ. ನಿರ್ದೇಶಕರು ಬೀಳ್ಕೊಡುಗೆ ಮಾಡುತ್ತೇನೆ ಎಂದರು. ಬೇಡವೆಂದೆ. ಅಲ್ಲಿ ಅವರು ನನ್ನ ಬಗ್ಗೆ ಮಾತಾಡುತ್ತಾರೆಂದು ಗೊತ್ತಿತ್ತು.

ಫಲಿತಾಂಶ ಬಂದಾಗ ನಾನು ಬೇರೆ ಕಡೆ ಕೆಲಸದಲ್ಲಿದ್ದೆ. ಅವಳ ನೋಂದಣಿ ಸಂಖ್ಯೆ ಬಾಯಿಗೆ ಬರುತ್ತಿತ್ತು. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ಆರನೇ ಸೆಮಿಸ್ಟರಿನದೆಲ್ಲ ಪಾಸಾಗಿತ್ತು. ಉಳಿದಿದ್ದ ಮೂರೂ ಪಾಸಾಗಿದ್ದವು. ಕಾಸ್ಟ್ ಅಕೌಂಟಿಂಗಿನಲ್ಲಿ ಒಳ್ಳೆಯ ಅಂಕ. ಥಿಯರಿಯಲ್ಲಿ ದಾಟಲು ಬೇಕಾದಷ್ಟು. ಅಭಿನಂದನೆ ಹೇಳಲು ನನಗೆ ಅವಕಾಶವಿರಲಿಲ್ಲ. ಬನ್ನಿಮಂಟಪಕ್ಕೆ ಫೋನ್ ಮಾಡಿದೆ.

"ಪಾಸಾದಳಾ?"

"ಪಾಸಾದಳು ಮೇಡಂ. ಎಲ್ಲದರಲ್ಲೂ."

"ದೇವರು ದೊಡ್ಡವನು," ಎಂದು ಇಟ್ಟುಬಿಟ್ಟರು. ಇನ್ನೊಂದು ಮಾತು ಕೇಳಲಿಲ್ಲ.

ಕೆಲವು ತಿಂಗಳ ನಂತರ ನಿರ್ದೇಶಕರ ಫೋನ್ ಬಂತು. ದಾನಿಗಳ ಸಂಜೆ ಹತ್ತಿರವಾಗಿತ್ತು. ಮೊದಲಿನ ಪ್ರೀತಿಯಿಂದಲೇ ನನ್ನ ಆರೋಗ್ಯ, ಹೊಸ ಕೆಲಸ ಎಲ್ಲ ವಿಚಾರಿಸಿದರು. ನಾನು ಉತ್ತರ ಹೇಳಿದೆ. ಆ ದನಿ ನನಗೆ ಇನ್ನೂ ಹಿತವಾಗಿಯೇ ಕೇಳಿಸಿತು, ಅದೇ ಕಷ್ಟ.

"ನಮ್ಮ ಹುಡುಗಿ ಡಿಗ್ರಿ ಮುಗಿಸಿದ್ಲಂತಲ್ಲಮ್ಮ," ಎಂದರು. "ಅವಳು ಬಂದು ವೇದಿಕೆ ಮೇಲೆ ಎರಡು ಮಾತಾಡಿದ್ರೆ ಇನ್ನೂ ಎಷ್ಟೋ ಮಕ್ಕಳಿಗೆ ದಾರಿಯಾಗುತ್ತೆ. ನೀನು ಹೇಳಿದ್ರೆ ಬರ್ತಾಳೆ."

"ಯಾವ ಹುಡುಗಿ ಸರ್?"

"ಅದೇ ಕಣಮ್ಮ, ಕಡಕೊಳದೋಳು. ಅವರ ಮನೇಲಿ..." ಎಂದು ಹೇಳತೊಡಗಿದರು. ಅದೇ ಇಳಿದನಿ. ಕನ್ನಡಕ ತೆಗೆದಿರಬೇಕು.

ಅವರ ಮಾತನ್ನು ನಾನು ಯಾವತ್ತೂ ನಡುವೆ ತಡೆದವಳಲ್ಲ.

"ನಂಗೆ ಗೊತ್ತಿಲ್ಲ ಸರ್," ಎಂದೆ.

"ಏನ್ ಗೊತ್ತಿಲ್ಲ?"

"ಯಾರ ಮನೇಲಿ ಏನು ಅಂತ ನಂಗೆ ಗೊತ್ತಿಲ್ಲ ಸರ್."